ನಮ್ಮೂರಿನ ಕಥೆ, ನಮ್ಮದೇ ಚಿತ್ರಗಳಲ್ಲಿ: ಚಿಕ್ಕಬಳ್ಳಾಪುರ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಕಾಲೇಜು ವಿದ್ಯಾರ್ಥಿಗಳು, ಶಾಲಾ ಶಿಕ್ಷಕರು, ನಿವೃತ್ತರಾದ ಮೇಲೆ ಕ್ಯಾಮೆರಾ ಕೈಗೆತ್ತಿಕೊಂಡವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ತಂತ್ರದ ಮಾತು ಕಡಿಮೆ, ಜನರ ಮಾತು ಹೆಚ್ಚು. ಊರಿನವರ ಬಗ್ಗೆ ತೆಗೆದ ಚಿತ್ರವನ್ನು ಮೊದಲು ನೋಡಬೇಕಾದವರು ಆ ಊರಿನವರೇ ಎಂಬುದು ನನ್ನ ನಂಬಿಕೆ. ಕೆಳಗಿನ ಉತ್ತರಗಳೆಲ್ಲ ಆ ನಂಬಿಕೆಯಿಂದ ಹೊರಟವು.

ನಂದಿ ಬೆಟ್ಟದ ಮಂಜು, ಸೂರ್ಯೋದಯ ತೆಗೆದರೆ ಅದೂ ನಮ್ಮೂರಿನ ಕಥೆಯೇ ಅಲ್ಲವೇ?

ಆ ಚಿತ್ರವನ್ನು ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು ಬೇಕಾದಷ್ಟು ತೆಗೆದಿದ್ದಾರೆ. ಅವರು ಗಾಡಿ ತಿರುಗಿಸಿ ಹೋದ ಮೇಲೆ ಉಳಿಯುವುದು ನಿಮ್ಮ ಪಾಲಿನದು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಆದರೂ ವರ್ಷವಿಡೀ ಹರಿಯುವ ಒಂದು ನದಿಯೂ ಜಿಲ್ಲೆಗಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಬರೀ ದೂಳು ಬಂದದ್ದನ್ನು ಕಂಡ ಮನೆಗಳು ಎಷ್ಟೋ ಇವೆ. ಬೆಟ್ಟದ ಚಿತ್ರದ ಪಕ್ಕದಲ್ಲಿ ನೀರಿಲ್ಲದೆ ಮುಚ್ಚಿಹೋದ ಒಂದು ತೆರೆದ ಬಾವಿಯ ಚಿತ್ರವಿಡಿ. ಆಗ ಆ ಬೆಟ್ಟಕ್ಕೂ ನಿಮ್ಮ ಊರಿಗೂ ಇರುವ ಸಂಬಂಧ ಕಾಣತೊಡಗುತ್ತದೆ.

ವಿಷಯವನ್ನು ಹೇಗೆ ಆರಿಸಿಕೊಳ್ಳಲಿ?

ಸಣ್ಣದನ್ನು ಆರಿಸಿಕೊಳ್ಳಿ. "ರೈತರ ಬದುಕು" ಎಂದರೆ ಎಲ್ಲಿಂದ ಶುರು ಮಾಡುವುದು, ಎಲ್ಲಿ ನಿಲ್ಲಿಸುವುದು? "ನಮ್ಮ ಬೀದಿಯ ಮೂರು ರೇಷ್ಮೆ ಹುಳು ಮನೆಗಳು" ಎಂದರೆ ನಾಳೆ ಬೆಳಿಗ್ಗೆಯೇ ಕೆಲಸ ಶುರುವಾಗುತ್ತದೆ.

ಬೇಕೆಂದಾಗ ಬಸ್ಸಿನಲ್ಲೋ ಬೈಕಿನಲ್ಲೋ ಹೋಗಿಬರಲು ಆಗುವಷ್ಟು ಹತ್ತಿರದ ಜಾಗವಿರಲಿ. ಒಮ್ಮೆ ಹೋಗಿ ಬಂದರೆ ಸಿಗುವುದು ನೋಟ ಮಾತ್ರ. ಮತ್ತೆ ಮತ್ತೆ ಹೋದಾಗ ಯಾರು ಯಾರೊಡನೆ ಮಾತಾಡುವುದಿಲ್ಲ, ಯಾವ ತಿಂಗಳು ಸಾಲ ಏರುತ್ತದೆ, ಯಾವ ದಿನ ಎಲ್ಲರ ಮುಖ ಅರಳಿರುತ್ತದೆ ಎಂಬುದು ತಿಳಿಯುತ್ತದೆ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಮೇಲೆ ಬದಲಾದ ಒಂದು ಕೆರೆಯ ದಂಡೆ, ನಸುಕಿನಲ್ಲಿ ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು, ಗುಡಿಬಂಡೆಯ ಅಮಾನಿ ಭೈರಸಾಗರ ಕೆರೆ ತುಂಬಿದ ವರ್ಷ ಮತ್ತು ತುಂಬದ ವರ್ಷ: ಪ್ರತಿಯೊಂದೂ ಒಬ್ಬ ಛಾಯಾಗ್ರಾಹಕರಿಗೆ ವರ್ಷಗಟ್ಟಲೆ ಸಾಲುವಷ್ಟು ದೊಡ್ಡದು.

ಒಳ್ಳೆಯ ಕ್ಯಾಮೆರಾ ಬೇಕೇ, ಮೊಬೈಲ್ ಸಾಕೇ?

ಮೊಬೈಲ್ ಸಾಕು. ಲೆನ್ಸ್ ಒರೆಸಿಕೊಳ್ಳಿ, ಜೂಮ್ ಮಾಡುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ, ಮುಖ ತೆಗೆಯುವಾಗ ಅತಿ ಅಗಲದ ಲೆನ್ಸ್ ಬಳಸಬೇಡಿ, ಅಂಚಿನಲ್ಲಿರುವವರ ಮುಖ ಎಳೆದಂತಾಗುತ್ತದೆ. ಕ್ಯಾಮೆರಾ ಇದ್ದವರಿಗೆ 35 ಅಥವಾ 50 ಮಿ.ಮೀ. ಲೆನ್ಸ್ ಒಂದಿದ್ದರೆ ಈ ಕೆಲಸಕ್ಕೆ ಬೇರೇನೂ ಬೇಡ. ಉದ್ದನೆಯ ಲೆನ್ಸಿನಿಂದ ದೂರದಲ್ಲೇ ನಿಂತು ಕದ್ದು ತೆಗೆಯುವ ಅಭ್ಯಾಸ ಮಾತ್ರ ಬೇಡ. ಅದು ಪಕ್ಷಿಗಳಿಗೆ ಸರಿ.

ಗುರುತಿಲ್ಲದವರ ಬಳಿ ಹೋಗಿ ಹೇಗೆ ಕೇಳುವುದು? ಸಂಕೋಚವಾಗುತ್ತದೆ.

ಸಂಕೋಚ ಇರುವುದು ಒಳ್ಳೆಯದೇ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. "ಅಣ್ಣ, ನಾನು ಇಂಥ ಊರಿನವನು, ಇಂಥವರ ಮಗ" ಎಂದರೆ ನಮ್ಮ ಕಡೆ ಅರ್ಧ ಕೆಲಸ ಮುಗಿಯಿತು. ಯಾರ ಮನೆ, ಯಾವ ಬೀದಿ, ಯಾರ ಸಂಬಂಧ ಎಂದು ಅವರೇ ವಿಚಾರಿಸಿಕೊಳ್ಳುತ್ತಾರೆ. ಬೆಳೆ ಹೇಗಿದೆ, ಮಳೆ ಹೇಗಿದೆ ಎಂದು ಮಾತು ಹೊರಳುತ್ತದೆ. ಫೋಟೊ ಯಾಕೆ, ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ ಎಂಬ ಮೂರನ್ನೂ ಸ್ಪಷ್ಟವಾಗಿ ಹೇಳಿ. "ಸುಮ್ಮನೆ ತೆಗೆಯುತ್ತಿದ್ದೇನೆ" ಎನ್ನಬೇಡಿ. ಸುಮ್ಮನೆ ಯಾರೂ ತೆಗೆಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಗಂಡಸರು ತಲೆಯಾಡಿಸಿದರೆ ಮನೆಯ ಹೆಣ್ಣುಮಕ್ಕಳ ಒಪ್ಪಿಗೆಯೂ ಸಿಕ್ಕಿತೆಂದು ತಿಳಿಯಬೇಡಿ. ಅವರನ್ನು ಬೇರೆಯಾಗಿ ಕೇಳಿ. ಜಮೀನಿನ ಯಜಮಾನ ಒಪ್ಪಿದರೆ ಕೂಲಿಯವರು ಒಪ್ಪಿದಂತಲ್ಲ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಘಟಕದ ಮಾಲೀಕರ ಮುಂದೆ "ಬೇಡ" ಎನ್ನುವ ಧೈರ್ಯ ಕೆಲಸದವರಿಗೆ ಇರುವುದಿಲ್ಲ. ಮಾಲೀಕರು ಆಚೆ ಹೋದಾಗ ಇನ್ನೊಮ್ಮೆ ಕೇಳುವುದು ನಿಮ್ಮ ಕರ್ತವ್ಯ.

ರೇಷ್ಮೆ ಹುಳು ಮನೆಯೊಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಏನು ಮಾಡಲಿ?

ಶಿಡ್ಲಘಟ್ಟ ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಿಡದಿರುವುದಕ್ಕೆ ಕಾರಣಗಳಿವೆ. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆ ಎರಡೇ ದಿನದಲ್ಲಿ ತಿಪ್ಪೆ ಸೇರುತ್ತದೆ. ಅದಕ್ಕೇ ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಕೈಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಬೇಕು. ಸೆಂಟು ಹಾಕಿಕೊಂಡು, ಬೀಡಿ ಸೇದಿದ ಕೈಯಲ್ಲಿ ಒಳಗೆ ಹೋಗುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ, ಹೂವು, ಹಿಪ್ಪುನೇರಳೆ ಅಕ್ಕಪಕ್ಕದಲ್ಲೇ ಇರುವುದರಿಂದ ಇನ್ನೊಂದು ಅಪಾಯವಿದೆ: ಬೆಳಿಗ್ಗೆ ಔಷಧ ಹೊಡೆದ ದ್ರಾಕ್ಷಿ ತೋಟದಲ್ಲಿ ಫೋಟೊ ತೆಗೆದು, ಅದೇ ಬಟ್ಟೆಯಲ್ಲಿ ಮಧ್ಯಾಹ್ನ ಹುಳು ಮನೆಗೆ ಹೋಗಲೇಬಾರದು. ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಇದಿಷ್ಟು ನಿಮಗೆ ಗೊತ್ತಿದೆ ಎಂದು ಮಾತಿನಲ್ಲಿ ಕಂಡರೆ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು.

ಯಾವಾಗ ಹೋಗಬೇಕು ಎಂಬುದೂ ಮುಖ್ಯ. ಮೊಟ್ಟೆಯೊಡೆದ ಹುಳು ಗೂಡು ಕಟ್ಟಲು ಸುಮಾರು ಇಪ್ಪತ್ತೈದು ದಿನ ಬೇಕು. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಅಲುಗಾಡಿಸಬಾರದು, ಆಗ ಒಳಗೆ ಹೋಗುವ ಮಾತೇ ಎತ್ತಬೇಡಿ. ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ವಾರದಲ್ಲೇ ತಿನ್ನುತ್ತದೆ. ಹೊರೆ ಹೊರೆ ಸೊಪ್ಪು ಬರುತ್ತಲೇ ಇರಬೇಕು, ರಾತ್ರಿಯೂ ಹಾಕಬೇಕು. ಕಥೆ ಇರುವುದು ಅಲ್ಲಿ. ಆಮೇಲೆ ಹುಳು ಹಣ್ಣಾಗುತ್ತದೆ. ಮೈ ಅರೆಪಾರದರ್ಶಕವಾಗಿ, ಬಿಳುಪು ಕಳೆದು ತುಸು ಹಳದಿಗೆ ತಿರುಗಿ, ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸುತ್ತದೆ. ಆ ಹೊತ್ತಿಗೆ ಅಜ್ಜಿಯಿಂದ ಹಿಡಿದು ಕಾಲೇಜಿಗೆ ಹೋಗುವವರವರೆಗೆ ಮನೆಮಂದಿಯೆಲ್ಲ ಹುಳು ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡಲು ಕೂರುತ್ತಾರೆ. ಒಂದು ಕುಟುಂಬ ಒಟ್ಟಿಗೆ ಕೆಲಸ ಮಾಡುವುದನ್ನು ಇಷ್ಟು ದಟ್ಟವಾಗಿ ತೋರಿಸುವ ಸಂದರ್ಭ ನಮ್ಮ ಕಡೆ ಇನ್ನೊಂದಿಲ್ಲ.

ಫ್ಲಾಶ್ ಬೇಡವೇ ಬೇಡ. ಹುಳುವಿಗೆ ಮಂದ ಬೆಳಕೇ ಹಿತ. ಕಿಟಕಿಯ ಬೆಳಕಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಲ್ಲಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ. ಚಿತ್ರ ತುಸು ಒರಟಾದರೂ ಪರವಾಗಿಲ್ಲ, ಹುಳು ಮನೆ ಇರುವುದೇ ಹಾಗೆ.

ಗೂಡಿನ ಮಾರುಕಟ್ಟೆಯಲ್ಲಿ ಏನನ್ನು ತೆಗೆಯಬೇಕು?

ಗೂಡಿನ ರಾಶಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಿಳಿ ದ್ವಿತಳಿ ಗೂಡು, ಹಳದಿ ಮಿಶ್ರತಳಿ ಗೂಡು ಎರಡೂ ಕಣ್ಣಿಗೆ ಹಬ್ಬ. ಒಂದು ಚಿತ್ರ ತೆಗೆದುಕೊಂಡು ಮುಂದೆ ಹೋಗಿ.

ನಿಜವಾಗಿ ನೋಡಬೇಕಾದದ್ದು ಕೈಗಳನ್ನು. ಗೂಡು ಕೊಳ್ಳಲು ಬಂದ ರೀಲರು ಒಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಅದುಮುತ್ತಾರೆ, ಕಿವಿಯ ಹತ್ತಿರ ತಂದು ಅಲುಗಾಡಿಸುತ್ತಾರೆ, ಮತ್ತೆ ರಾಶಿಗೆ ಬಿಡುತ್ತಾರೆ. ಆ ಒಂದು ಕ್ಷಣವಿಡೀ ರೈತನ ಕಣ್ಣು ಆ ಕೈಯ ಮೇಲಿರುತ್ತದೆ. ಒಂದು ತಿಂಗಳ ದುಡಿಮೆಗೆ ಬೆಲೆ ಕಟ್ಟುವುದು ಅಲ್ಲೇ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಲ್ಲಿ. ಈಗ ಇ-ಹರಾಜು ಬಂದಿರುವುದರಿಂದ ಮೊಬೈಲ್ ಪರದೆಯನ್ನೇ ದಿಟ್ಟಿಸಿ ನಿಂತವರೂ ಕಾಣುತ್ತಾರೆ. ಮೊದಲಿನ ಕೂಗಾಟ ಕಡಿಮೆಯಾಗಿದೆ, ಆತಂಕ ಕಡಿಮೆಯಾಗಿಲ್ಲ.

ರೈತ ಯಾಕೆ "ಈ ಬೆಲೆಗೆ ಕೊಡುವುದಿಲ್ಲ, ಮುಂದಿನ ವಾರ ಬರುತ್ತೇನೆ" ಎನ್ನಲಾರ ಎಂಬುದನ್ನೂ ನಿಮ್ಮ ಕಥೆ ಹೇಳಬೇಕು. ಗೂಡನ್ನು ಇಟ್ಟುಕೊಂಡು ಕೂತರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಇದನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ, ಎರಡು ಸಾಲಿನಲ್ಲಿ ಬರೆಯುವುದು ಸುಲಭ. ಬರೆಯಿರಿ.

ಒಂದು ತಾಂತ್ರಿಕ ಮಾತು: ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಬರುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಜ್‌ನದು, ಆ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ.

ನೂಲು ಬಿಚ್ಚುವ ಘಟಕದಲ್ಲಿ ಲೆನ್ಸ್ ಮೇಲೆ ಹಬೆ ಕೂರುತ್ತದೆ.

ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿ, ಲೆನ್ಸ್ ಒಳಗಿನ ಬಿಸಿಗೆ ಹೊಂದಿಕೊಂಡ ಮೇಲೆ ಹಬೆ ತಾನೇ ಹೋಗುತ್ತದೆ. ಅಷ್ಟು ಹೊತ್ತು ಅಲ್ಲಿನವರೊಡನೆ ಮಾತಾಡಿ.

ಕಷ್ಟ, ಬಡತನ ತೋರಿಸುವುದು ತಪ್ಪೇ?

ತಪ್ಪಲ್ಲ. ಬಿಸಿನೀರಿನಲ್ಲಿ ದಿನವಿಡೀ ಕೈಯಿಟ್ಟು ಬೆರಳು ಬೆಳ್ಳಗೆ ಊದಿಕೊಂಡವರ ಕೈಯನ್ನು ತೋರಿಸದೆ ರೇಷ್ಮೆಯ ಕಥೆ ಹೇಳಿದರೆ ಅದು ಸೀರೆ ಅಂಗಡಿಯ ಜಾಹೀರಾತಾಗುತ್ತದೆ. ಆದರೆ ಆ ಕೈ ಮಾತ್ರ ಬಂದು ಅವರು ಬಾರದೆ ಹೋದರೆ ಅದೂ ಅನ್ಯಾಯ. ಅದೇ ಹೆಂಗಸು ಮಧ್ಯಾಹ್ನ ಊಟದ ಡಬ್ಬಿ ತೆರೆದು ಪಕ್ಕದವರಿಗೆ ಉಪ್ಪಿನಕಾಯಿ ಹಂಚುತ್ತಾರೆ, ಮಗಳ ಪಿಯುಸಿ ಅಂಕದ ಬಗ್ಗೆ ಹೆಮ್ಮೆಯಿಂದ ಹೇಳುತ್ತಾರೆ, ಮಷೀನಿನ ಸದ್ದಿನಲ್ಲೇ ನಗುತ್ತಾರೆ. ಅವೂ ಬರಲಿ. ಇಷ್ಟು ವಿಚಾರಿಸಿಕೊಳ್ಳಿ: ಈ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಅವರ ಮನೆಯ ನಡುಮನೆಯಲ್ಲಿ ನೇತುಹಾಕಿದರೆ ಅವರ ನೆಂಟರ ಮುಂದೆ ಅವರಿಗೆ ಹೇಗನಿಸುತ್ತದೆ? ನಾಚಿಕೆಯಾಗುತ್ತದೆ ಎಂದಾದರೆ ಬೇರೆ ಚಿತ್ರ ಹುಡುಕಿ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು ಅವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಬಡ ಮನೆಯ ಮಗುವೂ ಅವರ ಚಿತ್ರದಲ್ಲಿ ಮೊದಲು ಮಗುವಾಗಿ ಕಾಣುತ್ತದೆ.

ಮಕ್ಕಳ ಫೋಟೊ ತೆಗೆಯಬಹುದೇ?

ತಂದೆ ತಾಯಿ ಒಪ್ಪಿದರೆ, ಮಗುವಿಗೂ ಇಷ್ಟವಿದ್ದರೆ ತೆಗೆಯಿರಿ. ಶಾಲೆಯ ಹೆಸರು, ಮನೆಯ ಗುರುತು, ಓಡಾಡುವ ದಾರಿ ಒಂದೇ ಕಡೆ ಸೇರದಂತೆ ನೋಡಿಕೊಳ್ಳಿ. ದೌರ್ಜನ್ಯಕ್ಕೆ ಒಳಗಾದ ಅಥವಾ ಕಾನೂನಿನ ರಕ್ಷಣೆಯಲ್ಲಿರುವ ಮಗುವಿನ ಗುರುತು ತಿಳಿಯುವಂಥ ಚಿತ್ರ ಪ್ರಕಟಿಸುವುದು 2012ರ ಪೋಕ್ಸೊ ಮತ್ತು 2015ರ ಬಾಲನ್ಯಾಯ ಕಾಯ್ದೆಗಳ ಪ್ರಕಾರ ಅಪರಾಧ. ಎಲ್ಲಾದರೂ ಮಗು ದುಡಿಯುತ್ತಿರುವುದು ಕಂಡರೆ ಕ್ಯಾಮೆರಾ ಕೆಳಗಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

"ಹೀಗೆ ನಿಲ್ಲಿ, ಹಾಗೆ ನೋಡಿ" ಎಂದು ಹೇಳಬಹುದೇ?

ಭಾವಚಿತ್ರಕ್ಕೆ ಹೇಳಬಹುದು. ಅದು ಭಾವಚಿತ್ರ ಎಂದು ನೋಡುವವರಿಗೂ ತಿಳಿಯುತ್ತದೆ. ಒಳ್ಳೆಯ ಸೀರೆ ಉಟ್ಟು ಬರುತ್ತೇನೆ ಎಂದರೆ ಕಾಯಿರಿ, ತಾನು ಹೇಗೆ ಕಾಣಬೇಕೆಂದು ಹೇಳುವ ಹಕ್ಕು ಅವರಿಗಿದೆ. ಆದರೆ ನಡೆಯದ ಕೆಲಸವನ್ನು ನಡೆಯುತ್ತಿರುವಂತೆ ಮಾಡಿಸಿ ತೆಗೆಯಬೇಡಿ. ಏತ ಹೊಡೆಯುವುದು ನಿಂತು ಎಷ್ಟೋ ಕಾಲವಾದ ಊರಿನಲ್ಲಿ ಯಾರನ್ನೋ ನಿಲ್ಲಿಸಿ ಏತ ಹೊಡೆಸಿದರೆ ಅದು ಸುಳ್ಳು.

ಊರ ಹಬ್ಬ, ಜಾತ್ರೆ, ಕರಗ?

ಹಬ್ಬದ ದಿನವೇ ಮೊದಲ ಸಲ ಹೋಗಬೇಡಿ. ಹಿಂದಿನ ದಿನ ಹೋಗಿ: ತಂಬಿಟ್ಟಿಗೆ ಹಿಟ್ಟು ಕಲಸುವ ಅಡುಗೆಮನೆ, ಮಕ್ಕಳಿಗೆ ಹೊಸ ಬಟ್ಟೆ ತರಲು ಪೇಟೆಗೆ ಹೊರಟವರು, ತವರಿಗೆ ಬಂದಿಳಿಯುವ ಹೆಣ್ಣುಮಕ್ಕಳು ಸಿಗುತ್ತಾರೆ. ತಲೆಯ ಮೇಲೆ ದೀಪ ಹೊತ್ತ ಹೆಂಗಸರ ಸಾಲನ್ನು ಎಲ್ಲರೂ ತೆಗೆಯುತ್ತಾರೆ, ಆ ದೀಪವನ್ನು ಮನೆಯಲ್ಲಿ ಸಿಂಗರಿಸುವ ಎರಡು ಗಂಟೆಯ ಕೆಲಸವನ್ನು ಯಾರೂ ತೆಗೆಯುವುದಿಲ್ಲ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮುನ್ನ ಪೂಜಾರಿಯವರನ್ನು ಕೇಳಿ. ಮೈಮೇಲೆ ದೇವರು ಬಂದವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಆ ಹೊತ್ತಿನಲ್ಲಿ ಅವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರುವುದಿಲ್ಲ.

ಊರ ಹಬ್ಬದಲ್ಲಿ ಯಾರ ಬೀದಿಗೆ ಪಲ್ಲಕ್ಕಿ ಹೋಗುತ್ತದೆ, ಯಾರ ಬೀದಿಗೆ ಹೋಗುವುದಿಲ್ಲ ಎಂಬುದನ್ನೂ ಗಮನಿಸಿ. ಹೋಗದ ಬೀದಿಯವರೂ ನಿಮ್ಮ ಊರಿನವರೇ. ಅವರ ಹಬ್ಬಕ್ಕೂ ಹೋಗಿ.

ಎಂದೋ ನಡೆದ ಘಟನೆಯನ್ನು ಈಗ ಹೇಗೆ ತೆಗೆಯುವುದು?

ಗೌರಿಬಿದನೂರಿನ ವಿದುರಾಶ್ವತ್ಥವನ್ನೇ ತೆಗೆದುಕೊಳ್ಳಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಇಂದು ಅಲ್ಲಿ ಸ್ಮಾರಕವಿದೆ, ಸಾಲು ಸಾಲು ನಾಗರಕಲ್ಲುಗಳಿವೆ, ಹರಕೆ ತೀರಿಸಲು ಬರುವವರಿದ್ದಾರೆ. ಸ್ಮಾರಕದ ಚಿತ್ರ ಒಂದು ಸಾಕು. ಸುತ್ತಲಿನ ಹಳ್ಳಿಗಳಲ್ಲಿ ತಾತನಿಂದ, ಅಜ್ಜಿಯಿಂದ ಅಂದಿನ ಮಾತು ಕೇಳಿ ಬೆಳೆದವರನ್ನು ಹುಡುಕಿ, ಅವರ ಭಾವಚಿತ್ರ ತೆಗೆದು, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ, ದಾಖಲೆಯಲ್ಲಿರುವುದನ್ನು ದಾಖಲೆಯೆಂದು ಬರೆಯಿರಿ.

ಮನೆಗಳಲ್ಲಿರುವ ಹಳೆಯ ಫೋಟೊಗಳೂ ನಿಮ್ಮ ಕಥೆಯ ಭಾಗವೇ. ಅವನ್ನು ಮನೆಯಿಂದ ಆಚೆ ಒಯ್ಯಬೇಡಿ. ಕಿಟಕಿಯ ಬಳಿ, ಬಿಸಿಲು ನೇರ ಬೀಳದ ಕಡೆ ಚಪ್ಪಟೆಯಾಗಿಟ್ಟು ಮೇಲಿಂದ ತೆಗೆಯಿರಿ. ಆಲ್ಬಂಗೆ ಅಂಟಿದ್ದನ್ನು ಕೀಳಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಿಂಭಾಗವನ್ನೂ ತೆಗೆಯಿರಿ: ಸ್ಟುಡಿಯೊದ ಮೊಹರು, ಪೆನ್ಸಿಲಿನಲ್ಲಿ ಬರೆದ ತಾರೀಕು ಅಲ್ಲೇ ಇರುತ್ತದೆ. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಮನೆಯ ಹಿರಿಯರ ಬಾಯಿಂದಲೇ ಬರೆಸಿಕೊಳ್ಳಿ. ಇದನ್ನು ನಾಳೆಗೆ ಮುಂದೂಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಒಂದು ಕಥೆಗೆ ಎಷ್ಟು ಚಿತ್ರಗಳಿರಬೇಕು?

ಎಂಟರಿಂದ ಹದಿನೈದು. ಊರು ಎಲ್ಲಿದೆ ಎಂದು ತೋರಿಸುವ ದೂರದ ನೋಟ, ಕೆಲಸ, ಕೈ, ಮುಖ, ವಸ್ತು, ಮನೆಯ ಒಳಗು, ಇಬ್ಬರ ನಡುವಿನ ಒಂದು ಕ್ಷಣ, ಇವೆಲ್ಲ ಇದೆಯೇ ನೋಡಿ. ಒಂದೇ ಬಗೆಯ ಎರಡು ಚಿತ್ರಗಳಿದ್ದರೆ ಒಂದನ್ನು ತೆಗೆದುಬಿಡಿ, ಅದು ಎಷ್ಟೇ ಚೆನ್ನಾಗಿರಲಿ.

ಅಡಿಬರಹ ಹೇಗಿರಬೇಕು? ನಮ್ಮ ಕಡೆ ಮನೆಮಾತು ತೆಲುಗು, ಶಿಡ್ಲಘಟ್ಟದ ರೀಲರುಗಳಲ್ಲಿ ಅನೇಕರದು ಉರ್ದು.

"ರೇಷ್ಮೆ ರೈತ" ಎಂಬುದು ಅಡಿಬರಹವಲ್ಲ. ಹೀಗೆ ಬರೆದು ನೋಡಿ: "ರಾತ್ರಿ ಹನ್ನೊಂದಕ್ಕೆ ಕೊನೆಯ ಸೊಪ್ಪು ಹಾಕುತ್ತಿರುವುದು. ನಾಳೆ ಹುಳು ಹಣ್ಣಾಗುತ್ತದೆ. ಆರಿಸಲು ಆಳು ಸಿಗುತ್ತಾರೋ ಇಲ್ಲವೋ ಎಂಬ ಚಿಂತೆ ಇವರದು." ಯಾರು, ಎಲ್ಲಿ, ಯಾವಾಗ ಎಂಬುದರ ಜೊತೆಗೆ ಚಿತ್ರದಲ್ಲಿ ಕಾಣದ ಒಂದು ಸಂಗತಿ ಇರಲಿ. ಹೆಸರನ್ನು ಅವರು ಹೇಳಿದಂತೆಯೇ ಬರೆದು, ಓದಿ ತೋರಿಸಿ. ಹೆಸರು ಬೇಡವೆಂದರೆ ಬಿಡಿ.

ಅವರು ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಕೊಡಿ. ಕೈವಾರದ ಸಂತಕವಿ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ನೆಲ ಇದು. ಎರಡು ಮೂರು ಭಾಷೆಗಳು ಒಂದೇ ಜಗಲಿಯಲ್ಲಿ ಕೂತು ಮಾತಾಡುವುದು ನಮಗೆ ಹೊಸದಲ್ಲ.

ಫೋಟೊ ತೆಗೆಸಿಕೊಂಡವರಿಗೆ ಹಣ ಕೊಡಬೇಕೇ?

ಹಣಕ್ಕಿಂತ ಮುದ್ರಿಸಿದ ಪ್ರತಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಕು ಎಂದುಕೊಳ್ಳಬೇಡಿ, ಅಲ್ಲಿ ಚಿತ್ರ ಕುಗ್ಗುತ್ತದೆ, ಫೋನ್ ಹಾಳಾದರೆ ಹೋಯಿತು. ಕೂಲಿ ಬಿಡಿಸಿ ನಿಲ್ಲಿಸಿಕೊಂಡಿದ್ದರೆ ಮಾತ್ರ ಆ ದಿನದ ಕೂಲಿ ಕೊಡುವುದು ನ್ಯಾಯ.

ಚಿತ್ರದ ಹಕ್ಕು ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆದವರದು. ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರದು. ಈ ಹಕ್ಕು ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ. ಕಾನೂನು ಹೀಗಿದ್ದರೂ, ಒಬ್ಬರ ಮುಖವನ್ನು ಅವರಿಗೆ ತಿಳಿಸದೆ ಜಾಹೀರಾತಿಗೋ ಪಕ್ಷದ ಫ್ಲೆಕ್ಸಿಗೋ ಕೊಡಬೇಡಿ.

ಆಮೇಲೆ ಅವರು ಬೇಡ ಎಂದರೆ?

ತೆಗೆದುಹಾಕಿ. ವಾದ ಬೇಡ. ಒಪ್ಪಿಕೊಂಡ ದಿನದಿಂದ ಇಂದಿಗೆ ಮನೆಯಲ್ಲಿ ಏನಾಗಿದೆಯೋ, ಯಾರು ಏನಂದರೋ ನಮಗೆ ತಿಳಿಯದು.

ಡ್ರೋನ್ ಹಾರಿಸಬಹುದೇ?

ಕೆಂಪೇಗೌಡ ವಿಮಾನ ನಿಲ್ದಾಣ ನಮಗೆ ಬಹಳ ಹತ್ತಿರ. 2021ರ ಡ್ರೋನ್ ನಿಯಮಗಳಂತೆ ಕೆಂಪು, ಹಳದಿ, ಹಸಿರು ವಲಯಗಳಿವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಊರು ಯಾವುದರಲ್ಲಿದೆ ನೋಡಿಕೊಂಡೇ ಮುಂದುವರಿಯಿರಿ. ಕೆರೆಯ ಆಕಾರ ತೋರಿಸಲು ಡ್ರೋನ್ ಉಪಯುಕ್ತ, ಜನರ ಕಥೆಗೆ ಅಷ್ಟಾಗಿ ಬೇಕಾಗುವುದಿಲ್ಲ.

ಪ್ರದರ್ಶನಕ್ಕೆ ನಮ್ಮಲ್ಲಿ ಗ್ಯಾಲರಿ ಇಲ್ಲವಲ್ಲ?

ಹಾಲಿನ ಡೇರಿ ಇದೆಯಲ್ಲ! ಬೆಳಿಗ್ಗೆ ಸಂಜೆ ಇಡೀ ಊರು ಕ್ಯಾನು ಹಿಡಿದು ಸಾಲಾಗಿ ನಿಲ್ಲುವ ಜಾಗ ಅದೊಂದೇ. ಸಂಘದ ಕಾರ್ಯದರ್ಶಿಯವರನ್ನು ಕೇಳಿ, ಗೋಡೆಯುದ್ದಕ್ಕೂ ಹಗ್ಗ ಕಟ್ಟಿ, ಹನ್ನೆರಡು ಇಂಚಿಗೆ ಹದಿನೆಂಟು ಇಂಚಿನ ಪ್ರತಿಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ನೋಡುವವರ ಕಣ್ಣಿನ ಎತ್ತರಕ್ಕಿರಲಿ, ಅಕ್ಷರ ದಪ್ಪಗಿರಲಿ. ಅರಳಿಕಟ್ಟೆಯೂ ಆಗುತ್ತದೆ, ಆದರೆ ಕೆಲವು ಊರುಗಳಲ್ಲಿ ಹೆಂಗಸರು ಅಲ್ಲಿ ನಿಂತು ನೋಡಲು ಹಿಂಜರಿಯುತ್ತಾರೆ. ಡೇರಿಗೆ ಎಲ್ಲರೂ ಬರುತ್ತಾರೆ. ಅಲ್ಲಿ ನೋಡಿದವರು "ಇದು ಹೀಗಲ್ಲ, ಆ ವರ್ಷ ಹೀಗಾಯಿತು" ಎಂದು ತಿದ್ದುತ್ತಾರೆ. ಪಕ್ಕದಲ್ಲೇ ಒಂದು ನೋಟ್‌ಬುಕ್ಕನ್ನು ದಾರದಲ್ಲಿ ಕಟ್ಟಿಡಿ. ಬೆಂಗಳೂರಿನ ಪ್ರದರ್ಶನ ಆಮೇಲೆ ನೋಡಿಕೊಳ್ಳೋಣ.

ಚಿತ್ರಗಳನ್ನು ಕಾಪಾಡುವುದು ಹೇಗೆ?

ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು ಈ ಕ್ರಮವಿದ್ದರೆ ಮುಂದೆ ಹುಡುಕುವುದು ಸುಲಭ. ಅಡಿಬರಹಗಳನ್ನು ಚಿತ್ರದ ಜೊತೆಗೇ ಇಡಿ, ನಿಮ್ಮ ನೆನಪಿನಲ್ಲಿ ಬೇಡ. ಮುದ್ರಿಸಿದ ಒಂದು ಕಟ್ಟನ್ನು, ಡೇರಿಯ ನೋಟ್‌ಬುಕ್ಕಿನ ಜೊತೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಗ್ರಂಥಾಲಯಕ್ಕೆ) ಕೊಟ್ಟು ಬನ್ನಿ. ಕೊಡುವಾಗ ಪಟ್ಟಿ ಬರೆದು, ಮೇಲ್ವಿಚಾರಕರ ಸಹಿ ಪಡೆದುಕೊಳ್ಳಿ.